ಶಾಸನದ ಶ್ರಾವಿಕೆ, ಕಥೆಯ ನಾಯಿಕೆ

ಕಳೆದ ವರ್ಷ ದಶಲಕ್ಷಣ ಪರ್ವದ ಎಂಟನೆಯ ದಿನ ಸಕಲೇಶಪುರ ತಾಲ್ಲೂಕಿನ ಬೆಳಗೋಡಿನಲ್ಲಿ ಬಂಧುಗಳೊಬ್ಬರ ಮನೆಯ ಜಗಲಿಯಲ್ಲಿ ಸ್ವಾಧ್ಯಾಯಕ್ಕೆಂದು ಹತ್ತಾರು ಮಂದಿ ಸೇರಿದ್ದೆವು. ಹೊರಗೆ ಕಾಫಿ ಗಿಡಗಳ ಮೇಲೆ ಮಳೆ ಹಿಡಿದು ಸುರಿಯುತ್ತಿತ್ತು. ಅಂದಿನ ವಿಷಯ ಉತ್ತಮ ತ್ಯಾಗ. ದಾನದ ಮಾತು ಬಂದಾಗ ಅತ್ತಿಮಬ್ಬೆ, ಶಾಂತಲೆಯರ ಹೆಸರು ಬರುವುದು ಸಹಜ. ಹಾಗೆಯೇ ಬಂದಿತು. ಆಗ ಮೂಲೆಯಲ್ಲಿ ಕುಳಿತಿದ್ದ, ಒಂಬತ್ತನೆಯ ತರಗತಿಯಲ್ಲಿ ಓದುವ ಆ ಮನೆಯ ಹುಡುಗಿ ಕೇಳಿದಳು: “ತಾತ, ಶಾಂತಲೆ ತನಗೆ ಮಕ್ಕಳಾಗಲಿಲ್ಲ ಎಂದು ಬೆಟ್ಟದಿಂದ ಹಾರಿ ಸತ್ತಳಂತೆ. ಹೌದೆ? ಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದೆವು. ಅಷ್ಟೆಲ್ಲ ಮಾಡಿದವಳು ಅದೊಂದಕ್ಕಾಗಿ ಸಾಯುತ್ತಾಳೆಯೆ?”

ಸಭೆಯಲ್ಲಿ ಹಿರಿಯರೊಬ್ಬರು “ಪುಸ್ತಕಗಳಲ್ಲಿ ಹಾಗೆ ಬರೆದಿದ್ದಾರಮ್ಮ” ಎಂದರು. ಮತ್ತೊಬ್ಬರು “ಅದೆಲ್ಲ ಈಗೇಕೆ” ಎಂದು ಮುಂದಿನ ಶ್ಲೋಕಕ್ಕೆ ಹೋದರು. ನಾನೂ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ನನ್ನ ಮೌನ ನನ್ನನ್ನು ಬಾಧಿಸಿತು. ಆ ಹುಡುಗಿ ಕೇಳಿದ್ದು ಶಾಂತಲೆಯ ವಿಷಯವಷ್ಟೇ ಆಗಿರಲಿಲ್ಲ. ಹೆಣ್ಣಾಗಿ ಹುಟ್ಟಿದವಳು ಎಷ್ಟು ಮಾಡಿದರೂ ಕೊನೆಗೆ ಅವಳನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ ಎಂದು ಅವಳು ನಮ್ಮೆಲ್ಲರನ್ನೂ ಕೇಳಿದ್ದಳು. ಅಂದು ಕೊಡಲಾಗದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಪ್ರಯತ್ನಿಸಿದ್ದೇನೆ.

ನಮ್ಮ ನಾಡಿನ ಸ್ತ್ರೀಯರ ಚರಿತ್ರೆಯು ಎರಡು ದಾರಿಗಳಿಂದ ನಮಗೆ ದೊರೆಯುತ್ತದೆ. ಒಂದು ಶಾಸನ, ಇನ್ನೊಂದು ಕಥೆ. ಪುರಾಣ, ಚರಿತೆ, ಐತಿಹ್ಯ, ಈ ಕಾಲದ ಕಾದಂಬರಿ, ಸಣ್ಣಕಥೆಗಳೆಲ್ಲವೂ ಎರಡನೆಯದರಲ್ಲಿ ಸೇರುತ್ತವೆ. ಒಬ್ಬ ಸ್ತ್ರೀ ಏನು ಮಾಡಿದಳೆಂಬುದನ್ನು ಶಾಸನ ಹೇಳುತ್ತದೆ. ಏಕೆ ಮಾಡಿದಳೆಂಬುದನ್ನು ಬಹುಮಟ್ಟಿಗೆ ಕಥೆ ಹೇಳುತ್ತದೆ. ಆಯಾ ಕಾಲದ ಸಮಾಜವು ಹೆಣ್ಣುಮಗಳಿಂದ ಏನನ್ನು ನಿರೀಕ್ಷಿಸುತ್ತಿತ್ತೆಂಬುದು ಈ ‘ಏಕೆ’ ಎಂಬುದರಲ್ಲಿಯೇ ಅಡಗಿರುತ್ತದೆ. ಆದುದರಿಂದ ಕಥೆಯನ್ನು ಓದುವಾಗ, ಅದಕ್ಕಿಂತ ಹೆಚ್ಚಾಗಿ ಮಕ್ಕಳಿಗೆ ಹೇಳುವಾಗ, ಅದು ಕೊಡುವ ಕಾರಣವನ್ನು ಪರೀಕ್ಷಿಸುವುದು ನಮ್ಮ ಕರ್ತವ್ಯವಾಗುತ್ತದೆ.

ಅಕ್ಷರವೂ ಅಂಕವೂ

ನಮ್ಮ ಪರಂಪರೆಯಲ್ಲಿ ಹೆಣ್ಣುಮಕ್ಕಳ ಕಥೆ ಪ್ರಾರಂಭವಾಗುವುದೇ ವಿದ್ಯೆಯಿಂದ. ಆದಿತೀರ್ಥಂಕರ ವೃಷಭದೇವನು ತನ್ನ ಇಬ್ಬರು ಪುತ್ರಿಯರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಬ್ರಾಹ್ಮಿಗೆ ಲಿಪಿಯನ್ನೂ ಸೌಂದರಿಗೆ ಅಂಕವಿದ್ಯೆಯನ್ನೂ ಉಪದೇಶಿಸಿದನೆಂಬ ಪ್ರಸಂಗವು ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದಲ್ಲಿ ಬರುತ್ತದೆ. ಅದನ್ನು ಅನುಸರಿಸಿ ಕ್ರಿ.ಶ. ೯೪೧ರ ಸುಮಾರಿಗೆ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದನು. ಜಿನಸೇನರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ವಿದ್ಯೋಪದೇಶವು ಮೊದಲು ಪುತ್ರಿಯರಿಗೆ ಆಗುತ್ತದೆ, ಆಮೇಲೆ ಪುತ್ರರಿಗೆ. ವಿದ್ಯಾವಂತನಾದ ಪುರುಷನು ಪಂಡಿತರ ಮನ್ನಣೆ ಪಡೆಯುವಂತೆ ವಿದ್ಯಾವತಿಯಾದ ಸ್ತ್ರೀಯು ಸ್ತ್ರೀಸಮುದಾಯದಲ್ಲಿ ಅಗ್ರಪದವಿಯನ್ನು ಪಡೆಯುತ್ತಾಳೆ ಎಂಬ ಅಭಿಪ್ರಾಯವನ್ನೂ ಆಚಾರ್ಯರು ಅಲ್ಲಿ ಹೇಳಿಸುತ್ತಾರೆ. ಮುಂದೆ ಸೋದರಿಯರಿಬ್ಬರೂ ದೀಕ್ಷೆ ಪಡೆಯುತ್ತಾರೆ. ಬ್ರಾಹ್ಮಿಯು ಆರ್ಯಿಕಾ ಸಂಘದ ಮುಖ್ಯಳಾಗುತ್ತಾಳೆ.

ಈ ಇಬ್ಬರೂ ಏಕೆ ವಿವಾಹವಾಗಲಿಲ್ಲ? ಅವರ ವೈರಾಗ್ಯವೇ ಸಾಕಾದ ಕಾರಣ. ಆದರೆ ಪ್ರವಚನಗಳಲ್ಲಿ ಕೆಲವೊಮ್ಮೆ ಬೇರೊಂದು ಕಾರಣ ಕೇಳಿಬರುತ್ತದೆ. ಮಗಳನ್ನು ಕೊಟ್ಟ ತಂದೆಯು ಅಳಿಯನ ಮುಂದೆ ತಲೆಬಾಗಬೇಕಾಗುತ್ತದೆ, ಮೂರು ಲೋಕದ ಗುರುವಾಗಲಿರುವ ತಂದೆಗೆ ಆ ಸ್ಥಿತಿ ಬರಬಾರದೆಂದು ಪುತ್ರಿಯರು ವಿವಾಹವನ್ನೇ ತೊರೆದರು ಎಂಬುದು ಆ ಕಥೆ. ಕೇಳಲು ಹಿತವಾಗಿದೆ, ಪಿತೃಭಕ್ತಿಯ ನಿದರ್ಶನವೆಂದು ಸಭೆ ತಲೆದೂಗುತ್ತದೆ. ಆದರೆ ಸ್ವಲ್ಪ ನಿಂತು ಯೋಚಿಸಬೇಕು. ಸ್ವಂತ ವಿವೇಕದಿಂದ ಮೋಕ್ಷಮಾರ್ಗವನ್ನು ಹಿಡಿದ ಇಬ್ಬರು ವಿದುಷಿಯರು ಈ ಕಥೆಯಲ್ಲಿ ತಂದೆಯ ಮರ್ಯಾದೆಯನ್ನು ಕಾಪಾಡಲು ಮನೆಯಲ್ಲಿ ಉಳಿದ ಹೆಣ್ಣುಮಕ್ಕಳಾಗುತ್ತಾರೆ. ಹೆಣ್ಣು ಹೆತ್ತವನು ತಗ್ಗಿ ನಡೆಯಬೇಕೆಂಬ ನಮ್ಮ ಮದುವೆಯ ಚಪ್ಪರದ ರೂಢಿಯನ್ನು ನಾವು ಅಯೋಧ್ಯೆಗೆ ಹೊತ್ತೊಯ್ದಿದ್ದೇವೆ. ವರದಕ್ಷಿಣೆಯ ನೋವನ್ನು ಕಂಡ ಸಮಾಜವೊಂದು ಇಂತಹ ಕಥೆಯನ್ನು ಹೇಳಿಕೊಂಡಿದ್ದರೆ ಅದು ಅರ್ಥವಾಗುವಂಥದೇ. ಆದರೆ ಅದು ಬ್ರಾಹ್ಮಿಯ ಕಾರಣವಲ್ಲ, ನಮ್ಮ ಕಾರಣ.

ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳು

ಕಥೆ ಯಾವಾಗಲೂ ಹೆಣ್ಣನ್ನು ಕುಗ್ಗಿಸುತ್ತದೆಂದು ಹೇಳಿದರೆ ಅದು ಅಪಚಾರವಾದೀತು. ಕವಿ ಮನಸ್ಸು ಮಾಡಿದರೆ ರೂಢಿಯನ್ನು ಮೀರಿದ ಹೆಣ್ಣಿಗೆ ಗೌರವದ ಸ್ಥಾನವನ್ನು ಕಲ್ಪಿಸಬಲ್ಲ. ರನ್ನನ ಅಜಿತಪುರಾಣವು ಇದಕ್ಕೆ ನಿದರ್ಶನ.

ಮಲ್ಲಪಯ್ಯನ ಪುತ್ರಿಯರಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಇಬ್ಬರೂ ನಾಗದೇವನ ಪತ್ನಿಯರು. ಯುದ್ಧದಲ್ಲಿ ನಾಗದೇವನು ಮಡಿದಾಗ ಕಿರಿಯಳಾದ ಗುಂಡಮಬ್ಬೆ ಸಹಗಮನ ಮಾಡಿದಳು. ಹಿರಿಯಳಾದ ಅತ್ತಿಮಬ್ಬೆ ಬದುಕಿ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು, ವ್ರತನಿಯಮಗಳಲ್ಲಿ ನಿಂತಳು. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಶಾಸ್ತ್ರದಾನ ಮಾಡಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಕ್ರಿ.ಶ. ೧೦೦೭ರ ಲಕ್ಕುಂಡಿಯ ಶಾಸನವು ಆಕೆಯ ದಾನಧರ್ಮಗಳನ್ನು ಸಾರುತ್ತದೆ.

ಪತಿಯೊಡನೆ ಚಿತೆಯೇರುವುದೇ ವೀರಪತ್ನಿಯ ಲಕ್ಷಣವೆಂದು ಎಣಿಸುತ್ತಿದ್ದ ಕಾಲವದು. ಉಳಿದವಳು ಏಕೆ ಉಳಿದಳೆಂದು ಜನ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ೯೯೩ರಲ್ಲಿ ತನ್ನ ಪುರಾಣವನ್ನು ಮುಗಿಸಿದ ರನ್ನನು ತನ್ನ ಕೃತಿಯ ಆಶ್ರಯದಾತೆಯಾಗಿ, ಆದರ್ಶವಾಗಿ ಎತ್ತಿ ಹಿಡಿದದ್ದು ಬದುಕಿದವಳನ್ನು. ದೇಹವನ್ನು ಬೆಂಕಿಗೆ ಒಪ್ಪಿಸುವುದಕ್ಕಿಂತ ವ್ರತಗಳಿಂದ ಅದನ್ನು ಕೃಶಗೊಳಿಸುತ್ತ ಲೋಕಕ್ಕೆ ಉಪಕಾರಿಯಾಗಿ ಬಾಳುವುದು ಕಠಿನವೆಂಬುದು ಜಿನಧರ್ಮವನ್ನು ಬಲ್ಲ ಕವಿಗೆ ತಿಳಿದಿತ್ತು. ಅವನು ತನ್ನ ಸ್ವಂತ ಮಗಳಿಗೂ ಅತ್ತಿಮಬ್ಬೆಯೆಂಬ ಹೆಸರನ್ನೇ ಇಟ್ಟನು. ಹುಟ್ಟಿದ ಮಗುವಿಗೆ ಇಡುವ ಹೆಸರಿನಲ್ಲಿ ತಂದೆಯ ಆಸೆ ಇರುತ್ತದೆ. ಗಂಡನನ್ನು ಕಳೆದುಕೊಂಡರೂ ಬದುಕಿ ಬೆಳಗಿದವಳ ಹೆಸರನ್ನು ಮಗಳಿಗಿಟ್ಟ ಈ ತಂದೆಯನ್ನು ನಾವು ಕವಿರತ್ನನೆಂದು ಹೊಗಳುವಾಗ ಸ್ಮರಿಸಿಕೊಳ್ಳಬೇಕು.

ಬಾವಿಯಲ್ಲಿ ನಿಂತ ಕವಯಿತ್ರಿ

ಈಗ ನಮ್ಮದೇ ಹಾಸನ ಸೀಮೆಯ ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಬರೋಣ. ಕನ್ನಡದ ಮೊದಲ ಕವಯಿತ್ರಿಯೆಂದು ಪ್ರಸಿದ್ಧಳಾದ ಕಂತಿಯು ಹೊಯ್ಸಳರ ಆಸ್ಥಾನದಲ್ಲಿ ಅಭಿನವ ಪಂಪನೆನಿಸಿದ ನಾಗಚಂದ್ರನ ಸಮಕಾಲೀನಳಾಗಿದ್ದಳೆಂಬುದು ಪರಂಪರೆಯ ನಂಬಿಕೆ. ಆಕೆಯ ವೃತ್ತಾಂತವನ್ನು ವಿಸ್ತಾರವಾಗಿ ಹೇಳುವವನು ದೇವಚಂದ್ರ. ಅವನ ರಾಜಾವಳೀಕಥೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಕೃತಿ. ಎಂದರೆ ಕಥೆಗೂ ಅದರ ನಾಯಿಕೆಗೂ ನಡುವೆ ಏಳು ಶತಮಾನಗಳ ಅಂತರವಿದೆ.

ಆ ಕಥೆಯಂತೆ, ಉಪಾಧ್ಯಾಯನೊಬ್ಬನು ತನ್ನ ಶಿಷ್ಯರ ಬುದ್ಧಿಯನ್ನು ಚುರುಕುಗೊಳಿಸಲು ಜ್ಯೋತಿಷ್ಮತೀ ತೈಲವನ್ನು ಸಿದ್ಧಪಡಿಸಿ ಇಟ್ಟಿದ್ದನು. ಅದನ್ನು ತೀರ ಅಲ್ಪ ಪ್ರಮಾಣದಲ್ಲಿ ಕೊಡಬೇಕು. ಅದರ ಗುಣವನ್ನು ಅರಿಯದ ಕಂತಿಯು ಕುಡಿದುಬಿಟ್ಟಳು. ಮೈಯೆಲ್ಲ ಉರಿ ಎದ್ದು, ತಾಳಲಾರದೆ ಬಾವಿಗೆ ಧುಮುಕಿದಳು. ಆ ನೀರಿನಲ್ಲಿ ನಿಂತಂತೆಯೇ ಪದ್ಯಗಳನ್ನು ಹೇಳತೊಡಗಿದಳು. ಪರೀಕ್ಷಿಸಲು ಬಂದ ನಾಗಚಂದ್ರನ ಪ್ರಶ್ನೆಗಳಿಗೆಲ್ಲ ಪದ್ಯದಲ್ಲಿಯೇ ಉತ್ತರಿಸಿ ಆಸ್ಥಾನದ ಮನ್ನಣೆ ಪಡೆದಳು. ಮುಂದಿನ ಪ್ರಸಂಗವೂ ಪ್ರಸಿದ್ಧವಾದುದೇ. ಕಂತಿಯಿಂದ ಹೇಗಾದರೂ ಹೊಗಳಿಸಿಕೊಳ್ಳುವೆನೆಂದು ಹಟ ತೊಟ್ಟ ನಾಗಚಂದ್ರನು ತಾನು ಸತ್ತನೆಂಬ ಸುದ್ದಿಯನ್ನು ಹುಟ್ಟಿಸಿದನು. ಆಕೆ ಓಡಿಬಂದು ಕವಿಯನ್ನು ಕೊಂಡಾಡುತ್ತ ಅತ್ತಳು. ಅವನು ಎದ್ದು ಕುಳಿತು ತಾನು ಗೆದ್ದೆನೆಂದನು.

ಚಿಕ್ಕಂದಿನಲ್ಲಿ ಈ ಕಥೆ ಕೇಳಿ ನಾವೆಲ್ಲ ನಕ್ಕವರೇ. ಈಗ ಓದುವಾಗ ಬೇರೆ ಪ್ರಶ್ನೆಗಳು ಏಳುತ್ತವೆ. ಗಂಡುಮಕ್ಕಳಿಗೆ ಗುರುವಿನಿಂದ ಕ್ರಮವಾಗಿ ದೊರೆಯುವ ಬುದ್ಧಿಯು ಹೆಣ್ಣಿಗೆ ಆಕಸ್ಮಿಕದಿಂದ, ತನ್ನದಲ್ಲದ ಪಾತ್ರೆಯಿಂದ ಕುಡಿದುದರಿಂದ ಏಕೆ ಬರಬೇಕು? ಬಂದ ಮೇಲೂ ಅದು ಉರಿಯಾಗಿ ಅವಳನ್ನು ಬಾವಿಗೆ ಏಕೆ ತಳ್ಳಬೇಕು? ಒಬ್ಬ ಹೆಣ್ಣುಮಗಳು ಅಭ್ಯಾಸದಿಂದ, ಪರಿಶ್ರಮದಿಂದ ಕವಿಯಾದಳೆಂದರೆ ನಂಬಲಾರದ ಕೇಳುಗರಿಗೆ ತೈಲದ ಕಥೆಯನ್ನು ಹೇಳಬೇಕಾಯಿತು. ಆಕೆಯ ಪಾಂಡಿತ್ಯವನ್ನು ಕಥೆ ಒಪ್ಪಿಕೊಂಡಿತು, ಆದರೆ ಅದನ್ನು ಅವಳು ಸಂಪಾದಿಸಿದಳೆಂದು ಒಪ್ಪಿಕೊಳ್ಳಲಿಲ್ಲ. ಆದರೂ ಈ ಐತಿಹ್ಯದಲ್ಲಿ ಒಂದು ಸತ್ಯ ಮಿನುಗುತ್ತದೆ. ಬದುಕಿರುವ ಮಹಾಕವಿಯನ್ನು ಸುಮ್ಮನೆ ಹೊಗಳಲು ಆಕೆ ಒಪ್ಪಲಿಲ್ಲ; ಹೊಗಳಿಕೆಯನ್ನು ಪಡೆಯಲು ಅವನು ಸುಳ್ಳು ಹೇಳಬೇಕಾಯಿತು. ಕಥೆಗಾರನಿಗೆ ಬೇಕಿತ್ತೋ ಇಲ್ಲವೋ, ಅವಳ ಸ್ವಾಭಿಮಾನ ಕಥೆಯೊಳಗೆ ಉಳಿದುಕೊಂಡಿದೆ.

ಇನ್ನೊಂದು ಸಂಗತಿ. ‘ಕಂತಿ’ ಎಂಬುದು ವ್ಯಕ್ತಿಯ ಹೆಸರಷ್ಟೇ ಅಲ್ಲ. ಕಂತಿ, ಗಂತಿ ಎಂದರೆ ತಪಸ್ವಿನಿ, ಸಂನ್ಯಾಸಿನಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಕ್ರಿ.ಶ. ಸುಮಾರು ೭೦೦ರ ಶಾಸನಗಳಲ್ಲಿ ಈ ಗಂತಿಯರ ಹೆಸರುಗಳಿವೆ. ನಾಗಮತಿ ಗಂತಿಯು ಚಿತ್ತೂರಿನ ಮೌನಿಗುರುಗಳ ಶಿಷ್ಯೆ. ಮೂರು ತಿಂಗಳು ನೋಂತು ದೇಹ ಬಿಟ್ಟಳೆಂದು ಒಂದು ಶಾಸನ ಹೇಳುತ್ತದೆ. ಗುರುವಿನ ಹೆಸರು, ಅವಳ ಹೆಸರು, ನೋಂಪಿಯ ಅವಧಿ ಇಷ್ಟೇ ಅಲ್ಲಿರುವುದು. ಅವಳು ಯಾರ ಮಗಳು, ಯಾರ ಹೆಂಡತಿ, ಮಕ್ಕಳಿದ್ದರೆ ಇಲ್ಲವೆ ಎಂಬ ಯಾವ ಮಾತೂ ಅಲ್ಲಿಲ್ಲ. ಅವಳ ಸಾಧನೆಯೇ ಅವಳ ಪರಿಚಯ. ತೈಲದ ಕಥೆ ಕೇಳಿದ ಕಿವಿಗೆ ಈ ಕಲ್ಲಿನ ಮಿತಭಾಷೆ ಎಷ್ಟು ದೊಡ್ಡ ಗೌರವವೆಂದು ತೋರುತ್ತದೆ.

ಹಿಟ್ಟಿನ ಕೋಳಿ ಮತ್ತು ರಾಣಿಯ ತಪ್ಪು

ಕೆಲವೊಮ್ಮೆ ಕಥೆಯಲ್ಲಿ ಇರುವುದಕ್ಕಿಂತ ಕೇಳುಗರು ತೆಗೆದುಕೊಳ್ಳುವುದು ಬೇರೆಯಾಗುತ್ತದೆ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆನಿಸಿದ ಜನ್ನನು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ನೋಡಿ. ರಾಣಿ ಅಮೃತಮತಿಯು ಇರುಳಿನಲ್ಲಿ ಮಾವುತನ ಗಾನವನ್ನು ಕೇಳಿ, ಕುರೂಪಿಯಾದ ಆ ಅಷ್ಟಾವಂಕನಿಗೆ ಮನಸೋಲುತ್ತಾಳೆ. ನೊಂದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಜೀವವಿರುವ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ರಾಣಿ ವಿಷವಿಕ್ಕಿ ತಾಯಿ ಮಗನನ್ನು ಕೊಲ್ಲುತ್ತಾಳೆ. ಸಂಕಲ್ಪಹಿಂಸೆಯ ಫಲವಾಗಿ ಆ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ.

ಅಮೃತಮತಿಯ ಅಪರಾಧ ಘೋರವಾದುದೇ. ಕವಿ ಅದನ್ನು ಕ್ಷಮಿಸುವುದಿಲ್ಲ. ಆದರೆ ಕಾವ್ಯದ ತಿರುಳು ಅದಲ್ಲ. ಕೊಲ್ಲದಿದ್ದರೂ ಕೊಲ್ಲುವ ಸಂಕಲ್ಪವೇ ಹಿಂಸೆ ಎಂಬುದು ಅದರ ಬೋಧೆ, ಮತ್ತು ಭವಭವಗಳ ಆ ದುಃಖವನ್ನು ಕವಿ ಬಿಡಿಸಿ ಹೇಳುವುದು ರಾಜನ ಮತ್ತು ರಾಜಮಾತೆಯ ವಿಷಯದಲ್ಲಿ. ನಮ್ಮ ಮನೆಗಳಲ್ಲಿ ಮಾತ್ರ ಈ ಕಥೆ ‘ಹೆಣ್ಣಿನ ಮನಸ್ಸನ್ನು ನಂಬಬಾರದು’ ಎಂಬ ಒಂದೇ ಮಾತಿಗೆ ಇಳಿದಿದೆ. ಗಂಡಸಿನ ಆತ್ಮಪರೀಕ್ಷೆಗೆಂದು ಬರೆದ ಕಾವ್ಯವನ್ನು ಹೆಣ್ಣುಮಕ್ಕಳನ್ನು ಹೆದರಿಸಲು ಬಳಸಿದ್ದೇವೆ. ೧೯೮೦ರಲ್ಲಿ ಗಿರೀಶ ಕಾರ್ನಾಡರು ಇದೇ ವಸ್ತುವನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿ ರಾಣಿಗೆ ತನ್ನ ಮನಸ್ಸನ್ನು ಹೇಳಿಕೊಳ್ಳುವ ಅವಕಾಶ ಕೊಟ್ಟರು. ನಾಟಕವನ್ನು ಒಪ್ಪಬೇಕೆಂದಿಲ್ಲ. ಆದರೆ ಏಳುನೂರು ವರ್ಷಗಳಿಂದ ತೀರ್ಪನ್ನಷ್ಟೇ ಕೇಳಿದ್ದವಳ ಮಾತನ್ನು ಒಮ್ಮೆ ಕೇಳುವುದು ಅನೇಕಾಂತವನ್ನು ನಂಬಿದವರಿಗೆ ಹೊಸದಾಗಬಾರದು.

ಶಿವಗಂಗೆಯಲ್ಲಿ ನಡೆದದ್ದೇನು?

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಶಾಂತಲೆಯ ಬಗ್ಗೆ ಶಾಸನಗಳು ಹೇಳುವುದನ್ನು ಮೊದಲು ನೋಡೋಣ.

ಆಕೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಪರಮ ಜಿನಭಕ್ತೆ. ಪತಿ ಹೊಯ್ಸಳ ವಿಷ್ಣುವರ್ಧನ. ಬೇಲೂರಿನ ಕಪ್ಪೆ ಚೆನ್ನಿಗರಾಯ ದೇವಾಲಯ ಆಕೆಯ ನಿರ್ಮಾಣ. ಕ್ರಿ.ಶ. ೧೧೨೩ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದಳು. ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಗ್ರಾಮವನ್ನು ತನ್ನ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದಳು. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಯ ಪ್ರೌಢಿಮೆಯನ್ನು ಶಾಸನ ಹೊಗಳುತ್ತದೆ. ವಿವೇಕದಲ್ಲಿ ಬೃಹಸ್ಪತಿಯೆಂದೂ ಸಮ್ಯಕ್ತ್ವ ಚೂಡಾಮಣಿಯೆಂದೂ ಕರೆಯುತ್ತದೆ. ೧೧೩೧ರಲ್ಲಿ ಶಿವಗಂಗೆಯ ತೀರ್ಥದಲ್ಲಿ ದೇಹವನ್ನು ಬಿಟ್ಟು ಸ್ವರ್ಗತೆಯಾದಳೆಂದು ಬೆಳಗೊಳದ ಶಾಸನ ಹೇಳುತ್ತದೆ.

ಅಷ್ಟೇ. ಬೆಟ್ಟದಿಂದ ಹಾರಿದಳೆಂದು ಅಲ್ಲಿಲ್ಲ. ಮಕ್ಕಳಿಲ್ಲದ ಕೊರಗು ಅಲ್ಲಿಲ್ಲ. ಸವತಿಯರ ಜಗಳದಿಂದ ನೊಂದಳೆಂದೂ ಇಲ್ಲ. ಕಾರಣವನ್ನು ಹೇಳಬೇಕೆಂದು ತೋರಿದಲ್ಲಿ ಅದೇ ಶಾಸನ ಹೇಳುತ್ತದೆ ಎಂಬುದು ಇಲ್ಲಿ ಮುಖ್ಯ. ಮಗಳು ಸದ್ಗತಿ ಪಡೆದ ಮೇಲೆ ತಾನು ಇರಲಾಗದೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಂನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳ ಅನಶನ ವ್ರತದಿಂದ ಸಮಾಧಿಮರಣ ಹೊಂದಿದಳೆಂದು ಅದು ವಿವರವಾಗಿ ದಾಖಲಿಸುತ್ತದೆ. ತಾಯಿಯ ಕಾರಣವನ್ನು ಹೇಳಿದ ಕಲ್ಲು ಮಗಳ ಕಾರಣವನ್ನು ಹೇಳಿಲ್ಲ. ಅಲ್ಲಿ ಬಿಟ್ಟ ಸ್ಥಳವನ್ನು ನಂತರದವರು ತುಂಬಿದರು.

ಕಲ್ಲೂ ತನ್ನ ಕಾಲವನ್ನು ಮೀರಿ ನಿಂತಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ‘ಸವತಿಗಂಧವಾರಣ’ ಎಂದರೆ ಸವತಿಯರೆಂಬ ಆನೆಗಳಿಗೆ ಮದಗಜದಂತಿರುವವಳು. ಪಟ್ಟದ ರಾಣಿಯ ಹಿರಿಮೆಯನ್ನು ಹೇಳಲು ಸವತಿಯರನ್ನು ಅಡಗಿಸಿದ ಬಿರುದೇ ಬೇಕಾಯಿತು; ಪಾತಿವ್ರತ್ಯಕ್ಕೆ ಸೀತೆಯ ಹೋಲಿಕೆ ಬೇಕಾಯಿತು. ಆದರೂ ಆ ಹೊಗಳಿಕೆಯ ನಡುವೆ ವಿದ್ಯೆ, ವಿವೇಕ, ದಾನ, ಸಮ್ಯಕ್ತ್ವಗಳಿಗೆ ಸ್ಥಾನವಿದೆ. ಜನರ ಬಾಯಲ್ಲಿ ಉಳಿದ ಕಥೆಯಲ್ಲಿ ಇವೆಲ್ಲವೂ ಉದುರಿಹೋಗಿ ಮಡಿಲು ತುಂಬದ ದುಃಖವೊಂದೇ ಉಳಿಯಿತು.

ಆಧುನಿಕ ಕಾಲದಲ್ಲಿ ಶಾಂತಲೆ ಮತ್ತೆ ಮನೆಮಾತಾದದ್ದು ಕಾದಂಬರಿಗಳಿಂದ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’ ಕನ್ನಡಿಗರ ಮನಸ್ಸಿನಲ್ಲಿ ಆಕೆಯನ್ನು ದುರಂತ ನಾಯಿಕೆಯಾಗಿ ನೆಲೆಗೊಳಿಸಿತು. ಅದನ್ನು ಓದಿ ಕಣ್ಣೀರಿಡದವರು ನಮ್ಮ ತಲೆಮಾರಿನಲ್ಲಿ ವಿರಳ. ಶಿವಗಂಗೆಗೆ ಹೋದವರಿಗೆ ಇಂದಿಗೂ ಬೆಟ್ಟದ ತುದಿಯಲ್ಲಿ ‘ಶಾಂತಲೆ ಬಿದ್ದ ಸ್ಥಳ’ವನ್ನು ತೋರಿಸುತ್ತಾರೆ. ಸಿ. ಕೆ. ನಾಗರಾಜರಾಯರು ೧೯೭೮ರಲ್ಲಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಪ್ರಕಟಿಸಿದಾಗ ಈ ಆತ್ಮಹತ್ಯೆಯ ಕಥೆಯನ್ನು ಅವರು ಒಪ್ಪಲಿಲ್ಲ. ಶಾಸನಗಳನ್ನು ಆಧಾರವಾಗಿಟ್ಟುಕೊಂಡು, ಓದು, ಕಲೆ, ರಾಜಕಾರ್ಯಗಳಲ್ಲಿ ಸಮಾನಳಾಗಿ ತೊಡಗಿದ ಹೆಣ್ಣುಮಗಳನ್ನು ಬಾಲ್ಯದಿಂದಲೇ ಚಿತ್ರಿಸಿದರು. ೧೯೮೩ರಲ್ಲಿ ಭಾರತೀಯ ಜ್ಞಾನಪೀಠ ಸಂಸ್ಥೆಯ ಮೊತ್ತಮೊದಲ ಮೂರ್ತಿದೇವಿ ಪ್ರಶಸ್ತಿ ಈ ಕೃತಿಗೆ ಬಂದಿತು. ಒಂದೇ ಕಲ್ಲಿನ ನಾಲ್ಕು ಸಾಲುಗಳಿಂದ ಇಬ್ಬರು ಲೇಖಕರು ಇಬ್ಬರು ಶಾಂತಲೆಯರನ್ನು ಕಂಡರು.

ಕಾದಂಬರಿಕಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಕಲ್ಪಿಸುವುದು ಅವರ ಧರ್ಮ, ಅದನ್ನು ಅವರು ಕಾದಂಬರಿಯೆಂದೇ ಹೇಳಿ ಕೊಟ್ಟಿದ್ದಾರೆ. ದೋಷ ಬರುವುದು ಅದನ್ನು ಚರಿತ್ರೆಯೆಂದು ದಾಟಿಸುವ ನಮ್ಮಲ್ಲಿ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಹೇಳುತ್ತದೆ. ಒಬ್ಬರು ಹೇಳದೆ ಇದ್ದುದನ್ನು, ಮಾಡದೆ ಇದ್ದುದನ್ನು ಅವರು ಹೇಳಿದರು, ಮಾಡಿದರು ಎಂದು ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ನಮ್ಮಲ್ಲಿ ವಂಚನೆಯ ಭಾವ ಇಲ್ಲದಿರಬಹುದು. ಆದರೂ ಸಾಲಪತ್ರದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಪಾಪವೆಂದು ಅಂಜುವ ನಾವು, ತನ್ನ ಪರವಾಗಿ ಮಾತನಾಡಲಾರದ ಶ್ರಾವಿಕೆಯ ಹೆಸರಿನಲ್ಲಿ ಆತ್ಮಹತ್ಯೆಯನ್ನು ಬರೆದುಕೊಳ್ಳುವಾಗ ಅಂಜದಿರುವುದು ಸರಿಯೆ? ಸಲ್ಲೇಖನಕ್ಕೂ ಆತ್ಮಹತ್ಯೆಗೂ ಇರುವ ಭೇದವನ್ನು ಲೋಕಕ್ಕೆ ಬಿಡಿಸಿ ಹೇಳುವ ನಮ್ಮ ಸಮಾಜಕ್ಕಂತೂ ಈ ಎಚ್ಚರ ಇನ್ನಷ್ಟು ಬೇಕು.

ಕಾರಣವನ್ನು ಪ್ರಶ್ನಿಸಿದ ಕಥೆಗಳು

ಕಳೆದ ನೂರು ವರ್ಷಗಳಲ್ಲಿ ಕನ್ನಡದ ಸ್ತ್ರೀಯರೇ ಕಥೆ ಹೇಳತೊಡಗಿದ ಮೇಲೆ ‘ಏಕೆ’ ಎಂಬ ಪ್ರಶ್ನೆಯ ದಿಕ್ಕು ಬದಲಾಯಿತು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ ಅವರು ಸತೀಹಿತೈಷಿಣೀ ಗ್ರಂಥಮಾಲೆಯನ್ನು ಪ್ರಾರಂಭಿಸಿ ತಾವೇ ಬರೆದು ತಾವೇ ಪ್ರಕಟಿಸಿದರು. ಎಂ. ಕೆ. ಇಂದಿರಾ ಅವರು ೧೯೭೬ರಲ್ಲಿ ಪ್ರಕಟಿಸಿದ ‘ಫಣಿಯಮ್ಮ’ ಮಲೆನಾಡಿನ ಬಾಲವಿಧವೆಯೊಬ್ಬಳ ದೀರ್ಘ ಬಾಳನ್ನು ಯಾವ ಅಬ್ಬರವೂ ಇಲ್ಲದೆ ಹೇಳಿತು. ನಮ್ಮ ಜಿಲ್ಲೆಯವರೇ ಆದ, ಬೇಲೂರು ತಾಲ್ಲೂಕಿನ ಡಬ್ಬೆ ಗ್ರಾಮದಲ್ಲಿ ೧೯೫೧ರಲ್ಲಿ ಜನಿಸಿದ ವಿಜಯಾ ದಬ್ಬೆಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿ, ಕನ್ನಡ ಸಾಹಿತ್ಯವನ್ನು ಸ್ತ್ರೀಯ ಕಣ್ಣಿನಿಂದ ಓದುವ ಕ್ರಮವನ್ನು ಗಟ್ಟಿಗೊಳಿಸಿದರು. ಅವರ ಸಂಶೋಧನೆಯ ವಿಷಯ ನಾಗಚಂದ್ರ. ಕಂತಿಯಿಂದ ಹೊಗಳಿಸಿಕೊಳ್ಳಲು ಸತ್ತಂತೆ ಮಲಗಿದ ಐತಿಹ್ಯದ ಆ ಕವಿಯನ್ನು ಎಂಟು ಶತಮಾನಗಳ ಬಳಿಕ ತೂಗಿ ನೋಡಿದವರು ಅದೇ ಸೀಮೆಯ ಹೆಣ್ಣುಮಗಳೆಂಬುದು ಸಂತೋಷದ ವಿಷಯ. ೨೦೧೮ರಲ್ಲಿ ಅವರು ನಿಧನರಾದರು.

ಹಾಸನದವರೇ ಆದ ವಕೀಲೆ, ಕಥೆಗಾರ್ತಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ಕೊಡಗಿನ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ೨೦೨೫ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ತಿಳಿದಿದೆ. ಕನ್ನಡದ ಕೃತಿಗೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಆ ಕಥೆಗಳ ಮನೆಗಳು ಮುಸಲ್ಮಾನ ಮನೆಗಳು, ನಮ್ಮವಲ್ಲ. ಆದರೆ ‘ಎದೆಯ ಹಣತೆ’ಯನ್ನು ಓದಿದಾಗ ನನಗೆ ನೆನಪಾದದ್ದು ಶಿವಗಂಗೆ. ಗಂಡ ಕೈಬಿಟ್ಟ ಮೆಹರುನ್ ತವರಿಗೆ ಬರುತ್ತಾಳೆ. ಮನೆತನದ ಮಾನವನ್ನು ಮುಂದುಮಾಡಿ ತವರಿನವರು ಅವಳನ್ನು ಹಿಂದಿರುಗಿಸುತ್ತಾರೆ. ಆ ಇರುಳು ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡಾಗ ಅವಳನ್ನು ತಡೆಯುವವಳು ಅವಳ ಮಗಳು. ನಾವು ಹೇಳುತ್ತ ಬಂದ ಕಥೆಯಲ್ಲಿ ಶಾಂತಲೆಯನ್ನು ತಡೆಯುವವರು ಯಾರೂ ಇಲ್ಲ. ಅವಳು ಹಾರಲೇಬೇಕು, ನಾವು ಅಳಲೇಬೇಕು. ಬಾನು ಅವರ ಕಥೆಯಲ್ಲಿ ಒಬ್ಬ ಹುಡುಗಿ ಎಚ್ಚರವಾಗಿದ್ದಾಳೆ. ಹೆಣ್ಣಿನ ಸಾವನ್ನು ಸುಂದರವಾಗಿ ಚಿತ್ರಿಸುವ ಕಥೆಗೂ ಹೆಣ್ಣನ್ನು ಬದುಕಿಸಿಕೊಳ್ಳುವ ಕಥೆಗೂ ಇರುವ ಅಂತರ ಇದು. ಗುಂಡಮಬ್ಬೆಗಿಂತ ಅತ್ತಿಮಬ್ಬೆಯನ್ನು ಆರಿಸಿಕೊಂಡ ರನ್ನನಿಗೆ ಈ ಅಂತರ ತಿಳಿದಿತ್ತು.

ನಮ್ಮ ಬೆಟ್ಟದ ಹೆಣ್ಣುಮಗಳು

ಕಥೆಯೇ ಹುಟ್ಟದ ಒಬ್ಬಳ ಹೆಸರನ್ನು ಹೇಳಿ ಮುಗಿಸುತ್ತೇನೆ. ನಮ್ಮ ಸಕಲೇಶಪುರಕ್ಕೆ ನೆರೆಯ ಮೂಡಿಗೆರೆ ತಾಲ್ಲೂಕಿನ ಹಂತೂರಿನಲ್ಲಿ ಕ್ರಿ.ಶ. ೧೧೩೦ರ ಒಂದು ಶಾಸನವಿದೆ. ವಿಷ್ಣುವರ್ಧನನ ಮಗಳು, ಕುಮಾರ ಬಲ್ಲಾಳನ ತಂಗಿ ಹರಿಯಬ್ಬರಸಿಯು ಗಂಡವಿಮುಕ್ತ ಸಿದ್ಧಾಂತದೇವರ ಶಿಷ್ಯೆಯಾಗಿ, ಆಗ ಹಂತಿಯೂರು ಎನಿಸಿದ್ದ ಆ ಊರಿನಲ್ಲಿ ಎತ್ತರವಾದ ಚೈತ್ಯಾಲಯವನ್ನು ಕಟ್ಟಿಸಿ ಭೂಮಿಯನ್ನು ದತ್ತಿ ಬಿಟ್ಟಳೆಂದು ಅದು ಹೇಳುತ್ತದೆ. ಶಿವಗಂಗೆಯ ಘಟನೆಗೆ ಒಂದು ವರ್ಷ ಮೊದಲಿನ ಮಾತಿದು. ಆ ಕಾಲದ ಮಲೆನಾಡಿನ ಕಾಡಿನ ನಡುವೆ ಕಲ್ಲುಕುಟಿಗರನ್ನು ಕರೆಸಿ ಗುಡಿ ಎತ್ತಿಸಿದ ಅರಸುಮಗಳನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ದುರಂತವಿಲ್ಲದ ಹೆಣ್ಣಿನ ಬಾಳು ನಮ್ಮ ನೆನಪಿನಲ್ಲಿ ನಿಲ್ಲಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಪಾಠಶಾಲೆಗಳನ್ನು ನಡೆಸುವ ಶ್ರಾವಕ-ಶ್ರಾವಿಕೆಯರಿಗೂ ನನ್ನದೊಂದು ವಿನಂತಿ. ಬೇಸಿಗೆಯ ಸಂಸ್ಕಾರ ಶಿಬಿರಗಳಲ್ಲಿ ಮಕ್ಕಳಿಗೆ ಕಥೆ ಹೇಳುವಾಗ ಶಾಸನದಲ್ಲಿರುವುದನ್ನು ಶಾಸನವೆಂದೂ, ಪುರಾಣದ್ದನ್ನು ಪುರಾಣವೆಂದೂ, ಕಾದಂಬರಿಯದನ್ನು ಕಾದಂಬರಿಯೆಂದೂ ಹೇಳಿರಿ. ಬಸದಿಯ ಮುಂದೆ ಫಲಕ ಬರೆಸುವಾಗ ಕಟ್ಟಿಸಿದವಳ ಪತಿಯ ಹೆಸರಿನ ಜೊತೆಗೆ ಅವಳ ಗುರುವಿನ ಹೆಸರನ್ನೂ ಅವಳು ಕೊಟ್ಟ ದತ್ತಿಯನ್ನೂ ಬರೆಸಿರಿ. ಇಷ್ಟಕ್ಕೆ ಹೆಚ್ಚಿನ ಹಣ ಬೇಡ. ಕಥೆಯ ಹೆಣ್ಣು ಯಾವ ಕಾರಣಕ್ಕೆ ಹೊಗಳಿಕೆಗೆ ಪಾತ್ರಳಾಗುತ್ತಾಳೆ, ಯಾವುದಕ್ಕೆ ಶಿಕ್ಷೆಗೆ ಗುರಿಯಾಗುತ್ತಾಳೆ ಎಂಬುದನ್ನು ಕೇಳುತ್ತ ಕುಳಿತ ಹುಡುಗಿಯರು ನಮಗಿಂತ ಸೂಕ್ಷ್ಮವಾಗಿ ಗಮನಿಸುತ್ತಾರೆ. ತಮ್ಮಿಂದ ನಾವು ಏನನ್ನು ಬಯಸುತ್ತೇವೆಂಬುದನ್ನು ಅವರು ಅಲ್ಲಿಂದಲೇ ಕಲಿಯುತ್ತಾರೆ.

ಬೆಳಗೋಡಿನ ಆ ಮಗುವಿಗೆ ಈ ಸಂಚಿಕೆಯ ಒಂದು ಪ್ರತಿಯನ್ನು ಕಳುಹಿಸುತ್ತಿದ್ದೇನೆ. ಅಮ್ಮಾ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಶಾಂತಲೆ ಏಕೆ ಸತ್ತಳೆಂದು ಕಲ್ಲು ಹೇಳಿಲ್ಲ. ಏನು ಕಲಿತಳು, ಏನು ಕಟ್ಟಿದಳು, ಯಾರಿಗೆ ಕೊಟ್ಟಳು ಎಂಬುದನ್ನು ಹೇಳಿದೆ. ಮುಂದಿನ ಸಲ ಬೆಳಗೊಳಕ್ಕೆ ಹೋದಾಗ ಆ ಶಾಸನದ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಅಂದು ಸಭೆಯಲ್ಲಿ ಉತ್ತರ ಹೇಳದೆ ಸುಮ್ಮನಿದ್ದುದಕ್ಕೆ ಈ ತಾತನನ್ನು ಕ್ಷಮಿಸು.